ಪಿಂಚಣಿ: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಪಿಂಚಣಿ ಅರ್ಜಿ ಬರೆದುಕೊಡುವುದು, ಪಿಎಫ್ ಕಾಗದ ನೋಡಿಕೊಡುವುದು ನಾನು ಬಹಳ ಕಾಲದಿಂದ ಮಾಡಿಕೊಂಡು ಬಂದ ಕೆಲಸ. ಜನ ಸಂತೆಯಲ್ಲಿ ಸಿಕ್ಕಾಗ ಕೇಳುತ್ತಾರೆ, ಕಾಗದ ಬರೆದು ಕೇಳುತ್ತಾರೆ, ಈಗೀಗ ವಾಟ್ಸಾಪ್‌ನಲ್ಲೂ ಕೇಳುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಕಗ್ಗಂಟಿನವು ಕೊನೆಗೆ. ಎಲ್ಲವನ್ನೂ ಓದಲೇಬೇಕಿಲ್ಲ, ನಿಮಗೆ ಬೇಕಾದ್ದನ್ನು ನೋಡಿಕೊಳ್ಳಿ.

## ಮೊದಲು ತಿಳಿದಿರಬೇಕಾದ್ದು

"ಪೆನ್ಷನ್ ಅಂದ್ರೆ ಸರ್ಕಾರಿ ನೌಕರರಿಗೆ ಮಾತ್ರ ಅಲ್ವಾ ಸಾರ್? ನಮ್ಮಂಥವರಿಗೆ ಏನಿದೆ?"

ನಿಮ್ಮ ಬೀದಿಯಲ್ಲೇ ಒಮ್ಮೆ ಕಣ್ಣಾಡಿಸಿ. ನಿವೃತ್ತ ಮೇಷ್ಟ್ರಿಗೆ ಸರ್ಕಾರದ ಹಳೇ ಪಿಂಚಣಿ ಬರುತ್ತೆ. ಅವರ ಮಗ ಪಂಚಾಯಿತಿಯಲ್ಲಿ ಪಿಡಿಒ ಆಗಿದ್ದರೆ ಅವನ ಸಂಬಳದಿಂದ ರಾಷ್ಟ್ರೀಯ ಪಿಂಚಣಿ ಪದ್ಧತಿ ಅಂದರೆ ಎನ್‌ಪಿಎಸ್‌ಗೆ ಕಟ್ ಆಗುತ್ತೆ. ಎಸ್ಟೇಟ್‌ನಲ್ಲಿ ದುಡಿದು ಬಂದವರಿಗೆ ಪಿಎಫ್ ಕಚೇರಿಯ ಪಿಂಚಣಿ ಇದೆ. ಅದಕ್ಕೆ ಇಪಿಎಸ್ 95 ಅಂತಾರೆ. ಕೂಲಿ ಮಾಡಿ ಸುಸ್ತಾದ ಅಜ್ಜಿಗೆ ವೃದ್ಧಾಪ್ಯ ವೇತನ ಅಥವಾ ಸಂಧ್ಯಾ ಸುರಕ್ಷಾ. ಕಿರಾಣಿ ಅಂಗಡಿಯವರು ಬ್ಯಾಂಕಿನಲ್ಲಿ ಅಟಲ್ ಪಿಂಚಣಿ ಮಾಡಿಸಿರಬಹುದು.

ಎಲ್ಲಕ್ಕೂ ಹೆಸರು ಪಿಂಚಣಿಯೇ. ಮೊತ್ತದಲ್ಲಿ ಮಾತ್ರ ಅಜಗಜಾಂತರ. ರಾಜ್ಯದ 7ನೇ ವೇತನ ಆಯೋಗ ಜಾರಿಯಾದ ಮೇಲೆ ನಿವೃತ್ತ ಸರ್ಕಾರಿ ನೌಕರರ ಕನಿಷ್ಠ ಪಿಂಚಣಿ 13,500 ರೂಪಾಯಿ. ಅದೇ ಬೀದಿಯ ಅಜ್ಜಿಗೆ ಬರುವುದು 1,200. ಈ ದೂರ ಕಣ್ಣಮುಂದೆ ಇರಲಿ. ಮುಂದಿನ ಪ್ರಶ್ನೆಗಳಲ್ಲಿ ಇದು ಬೇಕಾಗುತ್ತೆ.

"ಈ ದುಡ್ಡು ಎಲ್ಲಿಂದ ಬರುತ್ತೆ? ನಾನು ಕಟ್ಟಿದ್ದನ್ನೇ ನನಗೆ ವಾಪಸ್ ಕೊಡ್ತಾರಾ?"

ಎರಡು ದಾರಿ ಇವೆ.

ಮೊದಲನೆಯದು ಕೂಡು ಕುಟುಂಬದ ದಾರಿ. ದುಡಿಯುವ ಮಕ್ಕಳ ಸಂಪಾದನೆಯಲ್ಲಿ ಹಿರಿಯರ ಊಟ ನಡೆಯುತ್ತೆ. ಆ ಮಕ್ಕಳಿಗೆ ವಯಸ್ಸಾದಾಗ ಅವರ ಮಕ್ಕಳು ನೋಡಿಕೊಳ್ಳುತ್ತಾರೆ. ಹಳೇ ಸರ್ಕಾರಿ ಪಿಂಚಣಿ ನಡೆಯುವುದು ಹೀಗೇ. ಈ ವರ್ಷದ ತೆರಿಗೆಯಿಂದ ಈ ವರ್ಷದ ನಿವೃತ್ತರಿಗೆ ಕೊಡುತ್ತಾರೆ. ಯಾರ ಹೆಸರಲ್ಲೂ ಬೇರೆ ಗಂಟು ಕಟ್ಟಿಟ್ಟಿರುವುದಿಲ್ಲ. ದುಡಿಯುವ ಕೈ ಜಾಸ್ತಿ ಇದ್ದಷ್ಟು ಕಾಲ ಇದು ಸಲೀಸಾಗಿ ನಡೆಯುತ್ತೆ. ಆದರೆ ಮನೆಗಳು ಚಿಕ್ಕದಾಗಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಇಬ್ಬರು ಹಿರಿಯರ ಜಾಗಕ್ಕೆ ಇಬ್ಬರು ದುಡಿಯುವವರೂ ಬರುತ್ತಿಲ್ಲ ಅಂತ ಅರ್ಥ. ಸಾಲದ್ದಕ್ಕೆ ಜನ ಮೊದಲಿಗಿಂತ ಹೆಚ್ಚು ವರ್ಷ ಬದುಕುತ್ತಿದ್ದಾರೆ. ಅದು ಸಂತೋಷದ ವಿಷಯವೇ, ಖರ್ಚಿನ ವಿಷಯವೂ ಹೌದು.

ಎರಡನೆಯದು ಅವರವರ ಗಂಟು ಅವರವರಿಗೆ. ತಿಂಗಳು ತಿಂಗಳು ಕಟ್ಟಿದ್ದು ನಿಮ್ಮ ಖಾತೆಯಲ್ಲಿ ಬೆಳೆಯುತ್ತೆ. ನಿವೃತ್ತಿಯ ದಿನ ಎಷ್ಟಾಗಿದೆಯೋ ಅಷ್ಟು. ಎನ್‌ಪಿಎಸ್ ಈ ಥರದ್ದು.

ಇಪಿಎಸ್ ಇವೆರಡರ ನಡುವಿನದು. ಎಲ್ಲರ ದುಡ್ಡೂ ಒಂದೇ ನಿಧಿಗೆ ಹೋಗುತ್ತೆ, ಆಮೇಲೆ ಒಂದು ಸೂತ್ರದ ಪ್ರಕಾರ ಪಿಂಚಣಿ ಲೆಕ್ಕ ಹಾಕುತ್ತಾರೆ.

ಯಾರಾದರೂ ಹೊಸ ಪಿಂಚಣಿ ಯೋಜನೆ ತಂದು ತೋರಿಸಿದರೆ ನಾನು ಮೂರು ವಿಷಯ ನೋಡುತ್ತೇನೆ. ಈ ಮನುಷ್ಯ ತೊಂಬತ್ತರವರೆಗೆ ಬದುಕಿದರೆ ಕೊನೇ ತನಕ ದುಡ್ಡು ಕೊಡುವವರು ಯಾರು? ಅಕ್ಕಿ, ಔಷಧಿ ಬೆಲೆ ಏರಿದರೆ ನಷ್ಟ ಯಾರಿಗೆ? ಷೇರುಪೇಟೆ ಬಿದ್ದರೆ ಯಾರಿಗೆ? ಯೋಜನೆಯ ಹೆಸರಿಗಿಂತ ಈ ಮೂರಕ್ಕೆ ಸಿಗುವ ಉತ್ತರವೇ ಮುಖ್ಯ.

"ಇದನ್ನೆಲ್ಲಾ ಶುರು ಮಾಡಿದ್ದು ಯಾರು?"

ಸೈನಿಕರಿಗೆ, ಅಧಿಕಾರಿಗಳಿಗೆ ಪಿಂಚಣಿ ಕೊಡುವುದು ಹಳೇ ಪದ್ಧತಿ. ಸಾಮಾನ್ಯ ಕಾರ್ಮಿಕರಿಗೆ ಕಾನೂನು ಮಾಡಿ ವೃದ್ಧಾಪ್ಯ ಪಿಂಚಣಿ ತಂದದ್ದು ಜರ್ಮನಿ, 1889ರಲ್ಲಿ, ಬಿಸ್ಮಾರ್ಕ್ ಕಾಲದಲ್ಲಿ. ಆಗ ವಯಸ್ಸಿನ ಮಿತಿ 70 ಇತ್ತು. 65ಕ್ಕೆ ಇಳಿದದ್ದು 1916ರಲ್ಲಿ.

## ನಾಡಕಚೇರಿ, ಎಸ್ಟೇಟ್, ಅಂಚೆ ಕಚೇರಿ

"ಅಮ್ಮನಿಗೆ ಅರವತ್ತೆರಡು. ನಾಡಕಚೇರಿಗೆ ಹೋದ್ರೆ ಸಂಧ್ಯಾ ಸುರಕ್ಷಾ ಸಿಗಲ್ಲ ಅಂದ್ರು. ಹಾಗಾದ್ರೆ ಏನೂ ಇಲ್ವಾ?"

ಅವರು ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ ಹೇಳಿದ್ದಾರೆ. 2007ರಲ್ಲಿ ರಾಜ್ಯ ತಂದ ಸಂಧ್ಯಾ ಸುರಕ್ಷಾ 65 ತುಂಬಿದವರಿಗೆ. ನಿಮ್ಮ ಕುಟುಂಬಕ್ಕೆ ಬಿಪಿಎಲ್ ಕಾರ್ಡ್ ಇದ್ದರೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿ. ಅದು 60ರಿಂದಲೇ ಸಿಗುತ್ತೆ. 60ರಿಂದ 64ರವರೆಗೆ ತಿಂಗಳಿಗೆ 800 ರೂಪಾಯಿ, 65ರ ನಂತರ 1,200. ತಂದೆ ತೀರಿಕೊಂಡಿದ್ದರೆ ವಿಧವಾ ವೇತನಕ್ಕೂ ಅವಕಾಶ ಇದೆ. ಆದರೆ ಒಂದು ಸಲಕ್ಕೆ ಒಂದೇ ಪಿಂಚಣಿ.

ಅರ್ಜಿ ನಾಡಕಚೇರಿಯಲ್ಲಿ, ಮಂಜೂರಾತಿ ಕಂದಾಯ ಇಲಾಖೆಯಲ್ಲಿ. ಹೋಗುವ ಮುಂಚೆ ಒಂದು ಕೆಲಸ ಮಾಡಿ. ಆಧಾರ್‌ನಲ್ಲಿರುವ ಹುಟ್ಟಿದ ವರ್ಷ, ರೇಷನ್ ಕಾರ್ಡಿನ ವಯಸ್ಸು, ಬ್ಯಾಂಕ್ ಪಾಸ್‌ಬುಕ್ಕಿನ ಹೆಸರು ಮೂರೂ ತಾಳೆಯಾಗುತ್ತವಾ ನೋಡಿ. ನಮ್ಮ ಕಡೆ ಅರ್ಜಿ ತಿರಸ್ಕಾರವಾಗುವುದು ಬಡತನ ಸಾಬೀತಾಗದೆ ಅಲ್ಲ, "ಪುಟ್ಟಮ್ಮ" ಒಂದು ಕಡೆ "ಪುಟ್ಟಮ್ಮಣ್ಣಿ" ಅಂತ ಆಗಿರುವುದಕ್ಕೆ.

"28 ವರ್ಷ ಎಸ್ಟೇಟಲ್ಲಿ ದುಡಿದೆ. ಪಿಎಫ್ ಪೆನ್ಷನ್ ಇಷ್ಟೇನಾ?"

ಈ ಪ್ರಶ್ನೆಗೆ ಉತ್ತರ ಹೇಳುವಾಗ ನನಗೆ ಪ್ರತಿ ಸಲ ಸಂಕಟ ಆಗುತ್ತೆ. ಲೆಕ್ಕದಲ್ಲಿ ತಪ್ಪೇನೂ ಇರುವುದಿಲ್ಲ. ಸೂತ್ರವೇ ಅಷ್ಟು.

ಇಪಿಎಸ್ ಶುರುವಾದದ್ದು 1995ರ ನವೆಂಬರ್ 16ರಂದು. ಮಾಲೀಕರು ಪಿಎಫ್‌ಗೆ ಹಾಕುವ ಪಾಲಿನಲ್ಲಿ ಸಂಬಳದ ಶೇ 8.33 ಈ ನಿಧಿಗೆ ಹೋಗುತ್ತೆ. ಕೇಂದ್ರ ಸರ್ಕಾರ ಶೇ 1.16 ಸೇರಿಸುತ್ತೆ. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು 15,000ದವರೆಗೆ ಮಾತ್ರ. ಕಡೇ 60 ತಿಂಗಳ ಸಂಬಳದ ಸರಾಸರಿಯನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 20 ವರ್ಷ ಸೇವೆ ಆಗಿದ್ದರೆ ಎರಡು ವರ್ಷ ಹೆಚ್ಚುವರಿಯಾಗಿ ಸೇರಿಸಿ ಲೆಕ್ಕ ಹಾಕುತ್ತಾರೆ.

ಸರಾಸರಿ 12,000, ಸೇವೆ 25 ವರ್ಷ ಅಂದುಕೊಳ್ಳಿ. ಎರಡು ಸೇರಿಸಿ 27. ಹನ್ನೆರಡು ಸಾವಿರವನ್ನು 27ರಿಂದ ಗುಣಿಸಿ 70ರಿಂದ ಭಾಗಿಸಿದರೆ ಸುಮಾರು 4,628. ಆದರೆ ಇದೂ ಪೂರ್ತಿ ಕೈಗೆ ಬರಲ್ಲ. 2014ರ ಸೆಪ್ಟೆಂಬರ್‌ಗೆ ಮೊದಲು ಸಂಬಳದ ಮಿತಿ 6,500 ಇತ್ತು. ಆ ಅವಧಿಯ ಸೇವೆಗೆ ಆ ಮಿತಿಯಲ್ಲೇ ಲೆಕ್ಕ ಹಾಕುತ್ತಾರೆ. 58ಕ್ಕೆ ಮೊದಲೇ ಪಿಂಚಣಿ ಕೇಳಿದರೆ ಬಾಕಿ ಇರುವ ಪ್ರತಿ ವರ್ಷಕ್ಕೂ ಶೇ 4 ಕಡಿತ. ಹೀಗೆ ಸೋರಿ ಸೋರಿ ಕೆಲವರ ಕೈಗೆ ಬರುವುದು ಕನಿಷ್ಠ ಪಿಂಚಣಿಯಾದ 1,000 ರೂಪಾಯಿ.

ಆ ಸಾವಿರ ನಿಗದಿಯಾದದ್ದು 2014ರಲ್ಲಿ. ಸರ್ಕಾರಿ ಪಿಂಚಣಿಗಿರುವ, ಬೆಲೆ ಏರಿದಂತೆ ಏರುವ ತುಟ್ಟಿಭತ್ಯೆ ಇದಕ್ಕಿಲ್ಲ. 7,500ಕ್ಕೆ ಏರಿಸಿ ಅಂತ ಇಪಿಎಸ್ ಪಿಂಚಣಿದಾರರು ದೇಶದ ತುಂಬಾ ವರ್ಷಗಳಿಂದ ಹೋರಾಟ ಮಾಡುತ್ತಿದ್ದಾರೆ.

"ತೋಟ ಬಿಟ್ಟು ಬೇರೆ ಕಡೆ ಹೋಗ್ತಿದೀನಿ. ಪೆನ್ಷನ್ ದುಡ್ಡೂ ತೆಗೆದುಬಿಡು ಅಂತಾರೆ. ತೆಗೀಲಾ?"

ಆದಷ್ಟು ಮಟ್ಟಿಗೆ ತೆಗೀಬೇಡಿ. ಪಿಂಚಣಿಗೆ ಕನಿಷ್ಠ 10 ವರ್ಷ ಸೇವೆ ಬೇಕು. ಆರು ವರ್ಷ ಒಂದು ತೋಟ, ಏಳು ವರ್ಷ ಇನ್ನೊಂದು ತೋಟ ಆಗಿದ್ದರೆ ಎರಡನ್ನೂ ಸೇರಿಸಿ ಹದಿಮೂರು ಆಗುತ್ತೆ. ಮೊದಲನೇದನ್ನು ತೆಗೆದುಬಿಟ್ಟರೆ ಆ ಆರು ವರ್ಷ ಅಳಿಸಿಹೋಗುತ್ತೆ, ಉಳಿದ ಏಳಕ್ಕೆ ಪಿಂಚಣಿ ಇಲ್ಲ. ಪಿಂಚಣಿ ದುಡ್ಡು ತೆಗೆಯಲು ಕೊಡುವ 10ಸಿ ಫಾರಂ ತುಂಬುವಾಗಲೇ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ ಬೇಕು ಅಂತ ಕೇಳಬಹುದು. ಅದು ನಿಮ್ಮ ಸೇವೆಯ ದಾಖಲೆ.

ಯುಎಎನ್, ಅಂದರೆ ನಿಮ್ಮ ಪಿಎಫ್ ಗುರುತಿನ ನಂಬರ್, ಒಂದೇ ಇರಲಿ. ಹೊಸ ತೋಟದಲ್ಲಿ ಲೆಕ್ಕ ಬರೆಯುವ ರೈಟರ್‌ಗೆ ಹಳೇ ನಂಬರನ್ನೇ ಕೊಡಿ. ಏನಾದರೂ ಗೊಂದಲ ಇದ್ದರೆ ಚಿಕ್ಕಮಗಳೂರಿನಲ್ಲೇ ಪಿಎಫ್ ಕಚೇರಿ ಇದೆ, ಬೆಂಗಳೂರಿಗೆ ಓಡಬೇಕಿಲ್ಲ.

"ಅಪ್ಪನ ಹೆಬ್ಬೆಟ್ಟು ಮೆಷಿನ್‌ನಲ್ಲಿ ಬೀಳ್ತಾನೇ ಇಲ್ಲ. ಪೆನ್ಷನ್ ನಿಂತುಹೋಗುತ್ತಾ?"

ಬದುಕಿದ್ದಾರೆ ಅಂತ ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣ ಪತ್ರ ಸೇರದಿದ್ದರೆ ನಿಲ್ಲುತ್ತೆ. ಆದರೆ ದಾರಿ ಇದೆ. ಚಿಗುರು ತೆಗೆದು, ಮೆಣಸು ಕುಯ್ದು ಬೆರಳ ಗೆರೆ ಸವೆದವರು ನಮ್ಮ ಕಡೆ ತುಂಬಾ ಜನ. ಅಂಥವರಿಗೆ ಮೊಬೈಲ್‌ನಲ್ಲಿ ಮುಖ ತೋರಿಸಿ ಪ್ರಮಾಣ ಪತ್ರ ಮಾಡಿಸುವ ವ್ಯವಸ್ಥೆ 2021ರಿಂದ ಇದೆ. ಅಂಚೆಯಣ್ಣನನ್ನು ಮನೆಗೇ ಕರೆಸಿ ಸಣ್ಣ ಶುಲ್ಕ ಕೊಟ್ಟೂ ಮಾಡಿಸಬಹುದು. ಸರ್ಕಾರಿ ಪಿಂಚಣಿದಾರರು ಸಾಮಾನ್ಯವಾಗಿ ನವೆಂಬರ್‌ನಲ್ಲಿ ಕೊಡುತ್ತಾರೆ. ಇಪಿಎಸ್‌ನವರು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಅಲ್ಲಿಂದ ಒಂದು ವರ್ಷ ನಡೆಯುತ್ತೆ.

"ಎರಡೆಕರೆ ಕಾಫಿ ಇದೆ, ಮಗನಿಗೆ 25. ಅವನ ಹೆಸರಲ್ಲಿ ಏನು ಕಟ್ಟಿಸಲಿ?"

ಎರಡು ಯೋಜನೆ ನೋಡಿ. ಕಿಸಾನ್ ಮಾನ್‌ಧನ್ 2019ರಲ್ಲಿ ಬಂದದ್ದು. ಎರಡು ಹೆಕ್ಟೇರ್‌ವರೆಗೆ, ಅಂದರೆ ಸುಮಾರು ಐದು ಎಕರೆವರೆಗೆ ಜಮೀನಿರುವ 18ರಿಂದ 40 ವರ್ಷದವರಿಗೆ. 25ರ ಹುಡುಗ ತಿಂಗಳಿಗೆ 80 ರೂಪಾಯಿ ಕಟ್ಟಿದರೆ ಕೇಂದ್ರವೂ 80 ಹಾಕುತ್ತೆ. 60ರ ನಂತರ ತಿಂಗಳಿಗೆ 3,000. ಜಮೀನು ಅವನ ಹೆಸರಿನಲ್ಲಿ ಇರಬೇಕು. ನಮ್ಮಲ್ಲಿ ಎಡವುವುದು ಇಲ್ಲೇ, ಪಹಣಿ ಇನ್ನೂ ತಾತನ ಹೆಸರಲ್ಲೇ ಇರುತ್ತೆ.

ಅಟಲ್ ಪಿಂಚಣಿಗೆ ಜಮೀನಿನ ಕಾಗದ ಬೇಡ. 2015ರಿಂದ ಇದೆ. 25ರಲ್ಲಿ ಸೇರಿ ತಿಂಗಳಿಗೆ 376 ಕಟ್ಟಿದರೆ 60ರ ನಂತರ 5,000. ಅವನ ನಂತರ ಹೆಂಡತಿಗೂ ಅಷ್ಟೇ ಬರುತ್ತೆ, ಇಬ್ಬರ ನಂತರ ನಾಮಿನಿಗೆ ಗಂಟು. 40ರಲ್ಲಿ ಸೇರಿದರೆ ಅದೇ 5,000ಕ್ಕೆ ತಿಂಗಳಿಗೆ 1,454 ಕಟ್ಟಬೇಕು. ಆದಾಯ ತೆರಿಗೆ ಕಟ್ಟುವವರು 2022ರ ಅಕ್ಟೋಬರ್‌ನಿಂದ ಹೊಸದಾಗಿ ಸೇರುವಂತಿಲ್ಲ.

ಎರಡೂ ಒಳ್ಳೆಯವೇ. ಆದರೆ ಬ್ಯಾಂಕಿನವರು ಹೇಳದ ಒಂದು ಮಾತು ಹೇಳುತ್ತೇನೆ. ಈ 3,000, 5,000 ಬೆಲೆ ಏರಿದಂತೆ ಏರುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರುತ್ತಾ ಹೋದರೆ 35 ವರ್ಷದ ನಂತರದ 5,000ಕ್ಕೆ ಇವತ್ತಿನ ಸುಮಾರು 900 ರೂಪಾಯಿಯ ಬೆಲೆ. ಕಾಫಿಗೆ ಒಳ್ಳೇ ರೇಟು ಸಿಕ್ಕ ವರ್ಷ ಬೇರೆ ಒಂದಿಷ್ಟು ಎತ್ತಿಡಿ. 2009ರಿಂದ ಎನ್‌ಪಿಎಸ್ ಖಾತೆಯನ್ನು ಯಾರು ಬೇಕಾದರೂ ತೆರೆಯಬಹುದು. ಕೈಯಲ್ಲಿದ್ದ ವರ್ಷ ಜಾಸ್ತಿ, ಇಲ್ಲದ ವರ್ಷ ಕಡಿಮೆ ಹಾಕಬಹುದು. ಬೆಳೆಗಾರರ ಆದಾಯಕ್ಕೆ ಅದು ಹೊಂದುತ್ತೆ.

## ಸರ್ಕಾರಿ ನೌಕರರ ಪ್ರಶ್ನೆಗಳು

"ಒಪಿಎಸ್, ಎನ್‌ಪಿಎಸ್, ಯುಪಿಎಸ್. ಮೂರಕ್ಕೂ ಏನು ವ್ಯತ್ಯಾಸ? ಅರ್ಥ ಆಗೋ ಹಾಗೆ ಹೇಳಿ."

ಒಪಿಎಸ್ ಅಂದರೆ ಹಳೇ ಪಿಂಚಣಿ. ಪೂರ್ಣ ಸೇವೆ ಮಾಡಿದವರಿಗೆ ಕೊನೆಯ ಮೂಲ ವೇತನದ ಅರ್ಧ. ಮೂಲ ವೇತನ 60,000 ಇದ್ದರೆ 30,000, ಅದರ ಮೇಲೆ ತುಟ್ಟಿಭತ್ಯೆ. ಬೆಲೆ ಏರಿದಂತೆ ಅದೂ ಏರುತ್ತೆ, ಹೊಸ ವೇತನ ಆಯೋಗ ಬಂದರೆ ಪಿಂಚಣಿಯೂ ಪರಿಷ್ಕರಣೆ ಆಗುತ್ತೆ. ನೌಕರರ ಸಂಬಳದಿಂದ ಇದಕ್ಕೆ ಏನೂ ಕಟ್ ಆಗಲ್ಲ. ಆಯಸ್ಸು, ಬೆಲೆ, ಪೇಟೆ ಮೂರರ ಭಾರವೂ ಸರ್ಕಾರದ ಮೇಲೆ. ಅಂದರೆ ತೆರಿಗೆ ಕಟ್ಟುವವರ ಮೇಲೆ.

ಎನ್‌ಪಿಎಸ್ ಕೇಂದ್ರದಲ್ಲಿ 2004ರ ಜನವರಿ 1ರಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ. ಸೇನೆಯವರಿಗೆ ಇದು ಅನ್ವಯಿಸಲ್ಲ. ನೌಕರರು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ಕಟ್ಟುತ್ತಾರೆ, ಸರ್ಕಾರ ಶೇ 14. ನಿವೃತ್ತಿಯಾದಾಗ ಗಂಟಿನಲ್ಲಿ ಶೇ 60ರವರೆಗೆ ಕೈಗೆ ತೆಗೆದುಕೊಳ್ಳಬಹುದು. ಕನಿಷ್ಠ ಶೇ 40ರಲ್ಲಿ ವಿಮಾ ಕಂಪನಿಯಿಂದ ತಿಂಗಳ ಪಿಂಚಣಿ ಕೊಳ್ಳಬೇಕು. ಗಂಟು 50 ಲಕ್ಷ ಆಗಿದೆ ಅಂದುಕೊಳ್ಳಿ. 30 ಲಕ್ಷ ಕೈಗೆ, 20 ಲಕ್ಷ ವಿಮಾ ಕಂಪನಿಗೆ. ಕಂಪನಿ ವರ್ಷಕ್ಕೆ ಶೇ 6.5 ಕೊಟ್ಟರೆ ತಿಂಗಳಿಗೆ ಸುಮಾರು 10,800. ಸಾಮಾನ್ಯವಾಗಿ ಇದಕ್ಕೆ ತುಟ್ಟಿಭತ್ಯೆ ಸೇರಲ್ಲ. 75ರ ವಯಸ್ಸಿನಲ್ಲೂ ಅದೇ 10,800. ಪೇಟೆ ಬಿದ್ದರೂ, ಬೆಲೆ ಏರಿದರೂ ಅನುಭವಿಸುವವರು ನೌಕರರೇ. ಆ 30 ಲಕ್ಷವನ್ನು ಮಗಳ ಮದುವೆಗೋ ಮನೆಗೋ ಖರ್ಚು ಮಾಡದೆ ಇಟ್ಟುಕೊಂಡವರ ಕಥೆ ಬೇರೆ. ಆದರೆ ಎಷ್ಟು ಮನೆಯಲ್ಲಿ ಅದು ಸಾಧ್ಯ ಹೇಳಿ?

ಯುಪಿಎಸ್, ಅಂದರೆ ಏಕೀಕೃತ ಪಿಂಚಣಿ, ನಡುವಿನ ದಾರಿ. ಆಗಿನ ಹಣಕಾಸು ಕಾರ್ಯದರ್ಶಿ ಟಿ.ವಿ. ಸೋಮನಾಥನ್ ಸಮಿತಿಯ ಕೆಲಸದ ನಂತರ 2024ರ ಆಗಸ್ಟ್ 24ರಂದು ಕೇಂದ್ರ ಸಂಪುಟ ಒಪ್ಪಿತು, 2025ರ ಏಪ್ರಿಲ್ 1ರಿಂದ ಜಾರಿ. 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಮೂಲ ವೇತನದ ಸರಾಸರಿಯ ಅರ್ಧ. ಕಡಿಮೆ ಸೇವೆಗೆ ಅದಕ್ಕೆ ತಕ್ಕಷ್ಟು. 10 ವರ್ಷ ಆಗಿದ್ದರೆ ಕನಿಷ್ಠ 10,000. ತೀರಿಕೊಂಡರೆ ಸಂಗಾತಿಗೆ ಅದರ ಶೇ 60. ಬೆಲೆ ಏರಿದಂತೆ ಪಿಂಚಣಿಯೂ ಏರುತ್ತೆ. ನೌಕರರು ಶೇ 10 ಕಟ್ಟಲೇಬೇಕು, ಸರ್ಕಾರದ ಪಾಲು ಒಟ್ಟು ಶೇ 18.5.

ಯುಪಿಎಸ್ ಆಯ್ಕೆ ಇರುವುದು ಹಾಸನದ ಇಸ್ರೋ ಎಂಸಿಎಫ್ (ಉಪಗ್ರಹ ನಿಯಂತ್ರಣ ಕೇಂದ್ರ), ಅಂಚೆ, ರೈಲ್ವೆಯಂಥ ಕೇಂದ್ರದ ನೌಕರಿಯವರಿಗೆ; ಆಗಲೇ ಸೇವೆಯಲ್ಲಿದ್ದವರು ಅದನ್ನು ಆರಿಸಿಕೊಳ್ಳುವ ಗಡುವು 2025ರ ನವೆಂಬರ್ 30ಕ್ಕೆ ಮುಗಿಯಿತು. ಅದು ಕೇಂದ್ರದವರಿಗಾಗಿ ಮಾಡಿದ್ದು. ರಾಜ್ಯ ನೌಕರರಿಗೆ ತಾನಾಗಿಯೇ ಬರುವುದಿಲ್ಲ, ರಾಜ್ಯ ಸರ್ಕಾರ ಒಪ್ಪಿ ತರಬೇಕು.

"ನಮ್ಮ ನೇಮಕಾತಿ ನೋಟಿಫಿಕೇಷನ್ ಆಗಿದ್ದು 2005ರಲ್ಲಿ. ಆರ್ಡರ್ ಕೈಗೆ ಬರೋಷ್ಟರಲ್ಲಿ 2007. ನಾವು ಯಾವ ಕಡೆ?"

2006ರ ಏಪ್ರಿಲ್ 1ಕ್ಕೆ ಮೊದಲು ಅಧಿಸೂಚನೆಯಾಗಿ ನಂತರ ಸೇವೆಗೆ ಸೇರಿದವರನ್ನು ಹಳೇ ಪಿಂಚಣಿಗೆ ತರಲು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಆದೇಶ ಮಾಡಿತು. ಸುಮಾರು 13 ಸಾವಿರ ನೌಕರರಿಗೆ ಇದರಿಂದ ಅನುಕೂಲ ಅಂತ ಸರ್ಕಾರ ಹೇಳಿತ್ತು. ನೇಮಕಾತಿ ತಡವಾದದ್ದು ಅವರ ತಪ್ಪಲ್ಲ, ಹಾಗಾಗಿ ಇದು ನ್ಯಾಯವಾದ ಆದೇಶ. ನಿಮ್ಮ ಅಧಿಸೂಚನೆಯ ಪ್ರತಿ, ಆಯ್ಕೆ ಪಟ್ಟಿ, ನೇಮಕಾತಿ ಆದೇಶ ಮೂರನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.

"ಪೆನ್ಷನ್ ನಮ್ಮ ಹಕ್ಕಾ, ಅಥವಾ ಸರ್ಕಾರ ಮನಸ್ಸು ಬಂದ್ರೆ ಕೊಡೋದಾ?"

ಸರ್ಕಾರಿ ನೌಕರರ ಮಟ್ಟಿಗೆ ಇದು 1982ರ ಡಿಸೆಂಬರ್ 17ರಂದೇ ತೀರ್ಮಾನ ಆಗಿದೆ. ಡಿ.ಎಸ್. ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪಿಂಚಣಿ ಭಿಕ್ಷೆಯೂ ಅಲ್ಲ, ದಯೆಯೂ ಅಲ್ಲ, ಹಿಂದೆ ಮಾಡಿದ ಸೇವೆಗೆ ಸಲ್ಲಬೇಕಾದ್ದು ಅಂತ ಹೇಳಿತು. ಡಿಸೆಂಬರ್ 17ನ್ನು ಪಿಂಚಣಿದಾರರ ದಿನ ಅಂತ ಆಚರಿಸುವುದು ಇದಕ್ಕೇ.

ಸಂಧ್ಯಾ ಸುರಕ್ಷಾ ಪಡೆಯುವ ಅಜ್ಜಿಗೆ ಅಂಥ ತೀರ್ಪಿನ ಬಲ ಇಲ್ಲ. ಅವರೂ ಐವತ್ತು ವರ್ಷ ದುಡಿದಿದ್ದಾರೆ. ಸೇವಾ ಪುಸ್ತಕ ಬರೆದಿಡುವವರು ಇರಲಿಲ್ಲ ಅಷ್ಟೇ.

## ಸುಧಾರಣೆ ಯಾಕಿಷ್ಟು ಕಷ್ಟ

"ಐದು ರಾಜ್ಯ ಒಪಿಎಸ್ ಕೊಟ್ಟಿಲ್ವಾ? ಕರ್ನಾಟಕಕ್ಕೆ ಏನು ಕಷ್ಟ?"

ರಾಜಸ್ಥಾನ 2022ರಲ್ಲಿ ಮೊದಲು ಘೋಷಿಸಿತು. ಛತ್ತೀಸ್‌ಗಢ, ಜಾರ್ಖಂಡ್, ಪಂಜಾಬ್, ಹಿಮಾಚಲ ಹಿಂದೆ ಬಂದವು. ನಮ್ಮಲ್ಲೂ 2023ರ ಮಾರ್ಚ್ 1ರಂದು ನೌಕರರು ಕೆಲಸ ನಿಲ್ಲಿಸಿದಾಗ ಆಗಿನ ಸರ್ಕಾರ ಶೇ 17 ಮಧ್ಯಂತರ ಪರಿಹಾರ ಕೊಟ್ಟು, ಹಳೇ ಪಿಂಚಣಿ ಬಗ್ಗೆ ಅಧ್ಯಯನಕ್ಕೆ ಸಮಿತಿ ಮಾಡಿತು.

ಇಲ್ಲಿ ಒಂದು ವಿಚಿತ್ರ ಇದೆ. ಒಪಿಎಸ್‌ಗೆ ವಾಪಸ್ ಹೋದರೆ ಸರ್ಕಾರಕ್ಕೆ ಮೊದಲ ವರ್ಷಗಳಲ್ಲಿ ದುಡ್ಡು ಉಳಿಯುತ್ತೆ! ಪ್ರತಿ ತಿಂಗಳು ಎನ್‌ಪಿಎಸ್‌ಗೆ ಹಾಕುತ್ತಿದ್ದ ಶೇ 14 ಹಾಕಬೇಕಿಲ್ಲ. 2006ರ ನಂತರ ಸೇರಿದವರು ದೊಡ್ಡ ಸಂಖ್ಯೆಯಲ್ಲಿ ನಿವೃತ್ತರಾಗಲು ಇನ್ನೂ ಸಮಯ ಇದೆ. ಘೋಷಣೆ ಮಾಡುವ ಸರ್ಕಾರಕ್ಕೆ ಹೆಸರು ಈಗ ಸಿಗುತ್ತೆ, ಬಿಲ್ಲು ಮುಂದೆ ಯಾವುದೋ ಸರ್ಕಾರದ ಮೇಜಿಗೆ ಬರುತ್ತೆ. ಎಲ್ಲಾ ರಾಜ್ಯಗಳೂ ಹಳೇ ಪದ್ಧತಿಗೆ ಮರಳಿದರೆ ಹೊರೆ ಎನ್‌ಪಿಎಸ್‌ನ ಸುಮಾರು 4.5 ಪಟ್ಟಿಗೆ ಹೋಗಬಹುದು ಅಂತ 2023ರ ಸೆಪ್ಟೆಂಬರ್‌ನ ರಿಸರ್ವ್ ಬ್ಯಾಂಕ್ ಬುಲೆಟಿನ್‌ನ ಲೇಖನವೊಂದು ಲೆಕ್ಕ ಹಾಕಿತ್ತು.

ಇನ್ನೊಂದು ತೊಡಕು, ಈಗಾಗಲೇ ಎನ್‌ಪಿಎಸ್‌ನಲ್ಲಿ ಕೂತಿರುವ ಗಂಟು. ವಾಪಸ್ ಕೊಡಿ ಅಂತ ರಾಜ್ಯಗಳು ಕೇಳಿದವು. ಕಾನೂನಿನಲ್ಲಿ ಅದಕ್ಕೆ ಅವಕಾಶವೇ ಇಲ್ಲ ಅಂತ ಪಿಂಚಣಿ ನಿಧಿ ಪ್ರಾಧಿಕಾರ ಹೇಳಿತು.

ನೌಕರರ ಆತಂಕ ಸುಮ್ನೆ ಹುಟ್ಟಿದ್ದಲ್ಲ. ಒಂದೇ ಸ್ಟಾಫ್ ರೂಮಿನಲ್ಲಿ, ಒಂದೇ ಪಾಠ ಮಾಡುವ ಇಬ್ಬರಲ್ಲಿ ಒಬ್ಬರಿಗೆ ಖಚಿತ ಪಿಂಚಣಿ, ಇನ್ನೊಬ್ಬರಿಗೆ ಪೇಟೆಯ ಲೆಕ್ಕ. ಅದನ್ನು ಇಪ್ಪತ್ತು ವರ್ಷ ನೋಡಿಕೊಂಡು ಇರುವುದು ಕಷ್ಟವೇ. ಆದರೆ ಪೂರ್ತಿ ಹಳೇದಕ್ಕೆ ಹೋಗುವುದು ಸರಿ ಅಂತ ನನಗೆ ಅನಿಸುವುದಿಲ್ಲ. ಖಾತರಿ ಇರಬೇಕು, ತುಟ್ಟಿಭತ್ಯೆ ಇರಬೇಕು, ಜೊತೆಗೆ ಎರಡೂ ಕಡೆಯವರು ದುಡ್ಡು ಕಟ್ಟಿರಬೇಕು. ರಾಜ್ಯ ಈ ಜಾಡಿನಲ್ಲಿ ಯೋಚಿಸಿದರೆ ಒಳ್ಳೇದು.

"ಎನ್‌ಪಿಎಸ್ ಬಂದು ಇಪ್ಪತ್ತು ವರ್ಷ ಆಯ್ತು. ಸರ್ಕಾರದ ಪೆನ್ಷನ್ ಖರ್ಚು ಕಡಿಮೆನೇ ಆಗಿಲ್ವಲ್ಲ?"

ಸದ್ಯಕ್ಕೆ ಆಗುವುದೂ ಇಲ್ಲ. ಪದ್ಧತಿ ಬದಲಿಸಿದ ತಲೆಮಾರಿನ ಸರ್ಕಾರ ಎರಡು ಕಡೆ ದುಡ್ಡು ಕೊಡಬೇಕು. ಹಳಬರಿಗೆ ಪಿಂಚಣಿ, ಹೊಸಬರ ಖಾತೆಗೆ ಪ್ರತಿ ತಿಂಗಳ ಪಾಲು. 2005ರಲ್ಲಿ 22ರ ವಯಸ್ಸಿಗೆ ಕೆಲಸಕ್ಕೆ ಸೇರಿದ ರಾಜ್ಯ ನೌಕರರು 60ಕ್ಕೆ ನಿವೃತ್ತರಾಗುವುದು 2043ರಲ್ಲಿ. ಅಲ್ಲಿಂದ ಮುಂದೆ ಅವರು ಬದುಕಿರುವಷ್ಟು ಕಾಲ, ಆಮೇಲೆ ಸಂಗಾತಿಗೆ ಕುಟುಂಬ ಪಿಂಚಣಿ. ಹಳೇ ಪದ್ಧತಿಯ ಬಾಲ ಅಷ್ಟು ಉದ್ದ. ಪಿಂಚಣಿ ಸುಧಾರಣೆಯ ದೊಡ್ಡ ಕಷ್ಟವೇ ಇದು. ನೋವು ಇವತ್ತೇ ಶುರುವಾಗುತ್ತೆ, ಲಾಭ ನಲವತ್ತು ವರ್ಷದ ಆಚೆ. ನಡುವೆ ಎಂಟು ಚುನಾವಣೆ ಬಂದುಹೋಗುತ್ತವೆ.

"ಬೇರೆ ದೇಶದವರು ಇದನ್ನು ಹೇಗೆ ಸರಿ ಮಾಡಿಕೊಂಡ್ರು?"

ಪೂರ್ತಿ ಸರಿ ಮಾಡಿಕೊಂಡವರು ಇಲ್ಲ. ಮೂರು ದೇಶ ನೋಡೋಣ.

ಚಿಲಿ 1981ರಲ್ಲಿ, ಪಿನೋಚೆಯ ಸರ್ವಾಧಿಕಾರದ ಕಾಲದಲ್ಲಿ, ಎಲ್ಲವನ್ನೂ ಖಾಸಗಿ ಖಾತೆಗೆ ಬದಲಿಸಿತು. ಕಾರ್ಮಿಕರು ಸಂಬಳದ ಶೇ 10 ಕಟ್ಟಬೇಕು, ಮಾಲೀಕರು ಏನೂ ಕಟ್ಟಬೇಕಿಲ್ಲ. ಸೇನೆಯವರು ಮಾತ್ರ ಹಳೇ ಪದ್ಧತಿಯಲ್ಲೇ ಉಳಿದರು. ಆಗ ಜಗತ್ತಿನ ಅನೇಕರು ಇದನ್ನು ಮಾದರಿ ಅಂದರು. ಆದರೆ ವರ್ಷವಿಡೀ ಕೆಲಸ ಸಿಗದವರ, ಮಕ್ಕಳಿಗಾಗಿ ಕೆಲಸ ಬಿಟ್ಟ ಹೆಂಗಸರ ಖಾತೆಯಲ್ಲಿ ಏನೂ ಸೇರಲಿಲ್ಲ. 2008ರಲ್ಲಿ ಸರ್ಕಾರ ತೆರಿಗೆ ದುಡ್ಡಿನಿಂದ ಬಡವರಿಗೆ ಪಿಂಚಣಿ ಕೊಡಬೇಕಾಯಿತು. ಕೋವಿಡ್ ಸಮಯದಲ್ಲಿ ಜನರಿಗೆ ಖಾತೆಯಿಂದ ಮೂರು ಸಲ ಹಣ ತೆಗೆಯಲು ಬಿಟ್ಟರು, ಎಷ್ಟೋ ಖಾತೆ ಬರಿದಾದವು. ಕಡೆಗೆ 2025ರಲ್ಲಿ ಮಾಲೀಕರೂ ಕಟ್ಟಬೇಕು ಅಂತ ಕಾನೂನಾಯಿತು. ವರ್ಷದಲ್ಲಿ ಕೆಲವೇ ತಿಂಗಳು ಕಾಫಿ ಕುಯ್ಲಿನ ಕೆಲಸ ಸಿಗುವ ನಮ್ಮ ಹೆಣ್ಣುಮಕ್ಕಳನ್ನು ನೆನೆದರೆ ಚಿಲಿಯ ಪಾಠ ನಮಗೆ ತುಂಬಾ ಹತ್ತಿರದ್ದು.

ಸ್ವೀಡನ್ ನಿಧಾನವಾಗಿ ಹೋಯಿತು. 1990ರ ದಶಕದಲ್ಲಿ ಆಳುವವರು, ವಿರೋಧದವರು ಕೂತು ಒಪ್ಪಂದ ಮಾಡಿಕೊಂಡರು. ಪಿಂಚಣಿ ಪದ್ಧತಿಯ ಜಮಾ ಖರ್ಚಿನ ಲೆಕ್ಕ ತಪ್ಪಿದರೆ ಪಿಂಚಣಿ ಏರಿಕೆ ತಾನಾಗಿಯೇ ಕಡಿಮೆಯಾಗುವ ಸೂತ್ರ ಇಟ್ಟರು. 2010ರಲ್ಲಿ ಪಿಂಚಣಿ ನಿಜಕ್ಕೂ ಇಳಿಯಿತು. ಆದರೂ ಪದ್ಧತಿ ಉಳಿಯಿತು, ಯಾಕೆಂದರೆ ಎರಡೂ ಕಡೆಯ ದೊಡ್ಡ ಪಕ್ಷಗಳ ಸಹಿ ಅದಕ್ಕಿತ್ತು.

ಫ್ರಾನ್ಸ್ ಇದಕ್ಕೆ ಉಲ್ಟಾ. 2023ರಲ್ಲಿ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಲು ಸರ್ಕಾರ ಸಂಸತ್ತಿನ ಕೊನೆಯ ಮತವನ್ನೇ ತಪ್ಪಿಸಿ ಕಾನೂನು ತಂದಿತು. ತಿಂಗಳುಗಟ್ಟಲೆ ಜನ ಬೀದಿಯಲ್ಲಿದ್ದರು. 2025ರ ಕೊನೆಗೆ ಅದನ್ನು ತಡೆಹಿಡಿಯಬೇಕಾಯಿತು.

"ರಿಟೈರ್‌ಮೆಂಟ್ ವಯಸ್ಸು ಜಾಸ್ತಿ ಮಾಡಿದ್ರೆ ಮುಗೀತಲ್ವಾ?"

ಕುರ್ಚಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಇರಬಹುದು. ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಮೆಣಸು ಕುಯ್ಯುವವರಿಗೆ, ಮಳೆಗಾಲದಲ್ಲಿ ಜಿಗಣೆ ನಡುವೆ ಕಳೆ ತೆಗೆಯುವವರಿಗೆ 58ಕ್ಕೇ ಮೈ ಸೋತಿರುತ್ತೆ. ಈಗಲೇ ನೋಡಿ, ರಾಜ್ಯ ನೌಕರರ ನಿವೃತ್ತಿ 60ಕ್ಕೆ. ಪಿಎಫ್ ಇಲ್ಲದ ಕೂಲಿಯವರಿಗೆ ಪೂರ್ತಿ 1,200 ಸಿಗುವುದು 65ಕ್ಕೆ. ಮೈಮುರಿದು ದುಡಿದವರೇ ಹೆಚ್ಚು ವರ್ಷ ಕಾಯಬೇಕು. ವಯಸ್ಸು ಏರಿಸುವ ಮಾತು ಬಂದರೆ ಕೆಲಸದ ಬಗೆ ನೋಡಿ ಏರಿಸಬೇಕು, ಎಲ್ಲರಿಗೂ ಒಂದೇ ಅಲ್ಲ.

"ಅಸ್ಸಾಂ ಕಡೆಯಿಂದ ಬಂದು ತೋಟದಲ್ಲಿ ಇರೋರಿಗೆ ಯಾವ ಪೆನ್ಷನ್?"

ತೋಟದ ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಪಿಎಫ್ ಕಟ್ಟಿದರೆ ಅವರಿಗೂ ಇಪಿಎಸ್ ಇದೆ. ಮೇಸ್ತ್ರಿ ಮೂಲಕ ಬಂದು ಕುಯ್ಲು ಮುಗಿಸಿ ಹೋಗುವ ಹೆಚ್ಚಿನವರ ಹೆಸರು ಎಲ್ಲೂ ಇರುವುದಿಲ್ಲ. ರಾಜ್ಯದ ವೃದ್ಧಾಪ್ಯ ವೇತನಕ್ಕೆ ಇಲ್ಲಿನ ವಾಸದ ದಾಖಲೆ ಬೇಕು. ಹೀಗೆ ಎರಡೂ ಕಡೆ ತಪ್ಪಿಹೋಗುತ್ತಾರೆ. ಅಸಂಘಟಿತ ಕಾರ್ಮಿಕರಿಗಾಗಿ 2019ರಲ್ಲಿ ಬಂದ ಶ್ರಮಯೋಗಿ ಮಾನ್‌ಧನ್ ಯೋಜನೆಗೆ ದೇಶದ ಎಲ್ಲಿಂದ ಬೇಕಾದರೂ ಕಟ್ಟಬಹುದು. ತೋಟದ ಮಾಲೀಕರು ಮನಸ್ಸು ಮಾಡಿ ನೋಂದಣಿ ಮಾಡಿಸಿದರೆ ದೊಡ್ಡ ಉಪಕಾರ.

"ನಿಮ್ಮನ್ನೇ ಕೇಳಿದ್ರೆ ಮೊದಲು ಯಾವುದು ಸರಿಯಾಗಬೇಕು?"

ಕೆಳಗಿನಿಂದ ಶುರುವಾಗಬೇಕು. ಒಪಿಎಸ್ ಬೇಕೋ ಎನ್‌ಪಿಎಸ್ ಬೇಕೋ ಅನ್ನುವ ಚರ್ಚೆ ಪತ್ರಿಕೆಯ ಮುಖಪುಟದಲ್ಲಿ ಬರುತ್ತೆ, ಬರಲಿ. ಆದರೆ ದುಡಿಯುವ ಜನರಲ್ಲಿ ಬಹುಪಾಲು ಮಂದಿ ಆ ಎರಡರಲ್ಲೂ ಇಲ್ಲ. ವೃದ್ಧಾಪ್ಯ ವೇತನದಲ್ಲಿ 80ರ ಒಳಗಿನವರಿಗೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. ಹದಿನೈದು ವರ್ಷಕ್ಕೂ ಮೇಲಾಯಿತು, ಅದು ಏರಿಲ್ಲ. ಉಳಿದದ್ದನ್ನು ರಾಜ್ಯ ಹಾಕುತ್ತಿದೆ.

ಸರ್ಕಾರಿ ಪಿಂಚಣಿದಾರರಿಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಪರಿಷ್ಕರಣೆ ಆಗುತ್ತೆ. ಯಾರೂ ಅರ್ಜಿ ಹಾಕಬೇಕಿಲ್ಲ, ಲೆಕ್ಕ ತಾನಾಗಿಯೇ ನಡೆಯುತ್ತೆ. ಅದೇ ಲೆಕ್ಕವನ್ನು ಸಂಧ್ಯಾ ಸುರಕ್ಷಾಕ್ಕೂ, ಇಪಿಎಸ್‌ನ ಸಾವಿರಕ್ಕೂ ಹಾಕಬೇಕು ಅನ್ನುವುದು ನನ್ನ ಮೊದಲ ಬೇಡಿಕೆ. ಮೊತ್ತ ಎಷ್ಟರಿಂದ ಶುರುವಾದರೂ ಸರಿ, ಬೆಲೆ ಏರಿದಂತೆ ಏರಲಿ. ಎರಡನೆಯದು, ಇಪಿಎಸ್‌ನ 15,000ದ ಮಿತಿ 2014ರಿಂದ ಕದಲಿಲ್ಲ. ಅದನ್ನೂ ಆಗಾಗ ಏರಿಸುವ ನಿಯಮ ಬೇಕು. ಮಿತಿ ಏರಿದರೆ ಮಾಲೀಕರ ಪಾಲೂ ಏರುತ್ತೆ. ಸಣ್ಣ ತೋಟದವರಿಗೆ ಅದು ಹೊರೆ ಅನ್ನುವುದು ನಿಜ. ಹಾಗಾಗಿ ಒಂದೇ ಏಟಿಗೆ ಏರಿಸದೆ ಹಂತ ಹಂತವಾಗಿ ಏರಿಸಲಿ. ಮೂರನೆಯದು, ಕಾಫಿ ಕುಯ್ಲಿಗೆ ಬರುವ ತಾತ್ಕಾಲಿಕ ಕೆಲಸಗಾರರ ಹೆಸರೂ ಮೊದಲ ದಿನವೇ ಹಾಜರಿ ಪುಸ್ತಕಕ್ಕೆ, ಅಲ್ಲಿಂದ ಯುಎಎನ್‌ಗೆ ಹೋಗಬೇಕು.

ಗ್ರಾಮಸಭೆಯಲ್ಲಿ, ಬೆಳೆಗಾರರ ಸಂಘದ ಸಭೆಯಲ್ಲಿ, ಮತ ಕೇಳಲು ಬಂದವರ ಮುಂದೆ ಈ ಮೂರನ್ನೂ ಕೇಳಿ. ಎಸ್ಟೇಟ್‌ನಲ್ಲಿ ಕೆಲಸ ಮಾಡುವವರು ಈ ತಿಂಗಳ ವೇತನ ಚೀಟಿ ಸಿಕ್ಕಾಗ ಪಿಎಫ್ ಕಟ್ ಆಗಿದೆಯಾ, ಆದದ್ದು ಖಾತೆಗೆ ಜಮೆ ಆಗಿದೆಯಾ ಅಂತ ನೋಡಿಕೊಳ್ಳಿ. ಜಮೆ ಆಗಿರದಿದ್ದರೆ ಚೀಟಿ ಹಿಡಿದು ಚಿಕ್ಕಮಗಳೂರಿನ ಪಿಎಫ್ ಕಚೇರಿಗೆ ಹೋಗಿ ಬರಹದಲ್ಲಿ ದೂರು ಕೊಡಿ, ಸ್ವೀಕೃತಿ ತೆಗೆದುಕೊಂಡೇ ಬನ್ನಿ.